ದೋಣಿ ಕಾಯುವ ನಿದ್ದೆ

ಸಣ್ಣ ಹಾಯಿದೋಣಿಯಲ್ಲಿ ಒಬ್ಬರೇ ಸಾಗರ ದಾಟಲು ಹೊರಡುವವರಿಗೆಂದು ಬರೆದ ಕೈಪಿಡಿಗಳನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಪಟ್ಟಿಗಳು. ಎಷ್ಟು ಲೀಟರ್ ನೀರು, ಎಷ್ಟು ಕಿಲೋ ಅಕ್ಕಿ, ಎಷ್ಟು ಮೀಟರ್ ಹಗ್ಗ, ಯಾವ ಬ್ಯಾಟರಿ, ಯಾವ ರೇಡಿಯೊ, ಯಾವ ಮಾತ್ರೆ. ಪಟ್ಟಿ ಉದ್ದವಾದಷ್ಟೂ ಸಿದ್ಧತೆ ಪೂರ್ತಿಯಾಯಿತೆಂಬ ಸಮಾಧಾನ ಓದುವವರಿಗೂ ಬರೆದವರಿಗೂ ಸಿಗುತ್ತದೆ. ಮದುವೆ ಮನೆಯ ಉಗ್ರಾಣಕ್ಕಾದರೆ ಈ ಲೆಕ್ಕ ಸರಿ. ಅಲ್ಲಿ ಸಾಮಾನು ಹೆಚ್ಚಾದರೆ ಎತ್ತಿಡಲು, ಕೆಟ್ಟದ್ದನ್ನು ಆರಿಸಿ ಎಸೆಯಲು ಇಪ್ಪತ್ತು ಕೈಗಳಿರುತ್ತವೆ. ಒಂಟಿ ದೋಣಿಯಲ್ಲಿ ಇರುವುದು ಎರಡೇ ಕೈ. ಅದರಲ್ಲೂ ಒಂದು ಕೈ ಬೀಳದಂತೆ ಏನನ್ನಾದರೂ ಹಿಡಿದುಕೊಂಡೇ ಇರಬೇಕು. ಅಲ್ಲಿ ಹತ್ತಿಸಿದ ಪ್ರತಿಯೊಂದು ಸಾಮಾನೂ ಎಂದಾದರೊಂದು ದಿನ ಕೆಡುತ್ತದೆ, ಕೆಟ್ಟ ದಿನ ಸರಿಮಾಡುವವರನ್ನು ಕೇಳುತ್ತದೆ, ಹಾಗೆ ಕೇಳುವುದು ಬಹುಮಟ್ಟಿಗೆ ನಡುರಾತ್ರಿಯಲ್ಲಿ. ಇಂಥ ಪಯಣದಲ್ಲಿ ಎಲ್ಲಕ್ಕಿಂತ ಮೊದಲು ಬರಿದಾಗುವುದು ನಾವಿಕನ ಎಚ್ಚರ. ನೀರನ್ನು ಅಳೆದು ಕುಡಿಯಬಹುದು, ಮಳೆ ಬಂದರೆ ಹಿಡಿಯಬಹುದು. ಎಚ್ಚರವನ್ನು ಹೀಗೆ ತುಂಬಿಕೊಳ್ಳಲು ನಿದ್ದೆಯೊಂದೇ ದಾರಿ. ಹಾಗಾಗಿ ಸಿದ್ಧತೆಯನ್ನು ಸಾಮಾನಿನ ಲೆಕ್ಕದಲ್ಲಿ ಅಳೆಯುವ ಬದಲು ನಿದ್ದೆಯ ಲೆಕ್ಕದಲ್ಲಿ ಅಳೆಯಬೇಕೆಂಬುದು ನನ್ನ ವಾದ. ದೋಣಿಗೆ ಸೇರಿಸುವ, ದೋಣಿಯಿಂದ ತೆಗೆಯುವ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಕೇಳಬೇಕಾದ ಮೊದಲ ಪ್ರಶ್ನೆ, ಇದು ನನ್ನನ್ನು ಮಲಗಲು ಬಿಡುತ್ತದೆಯೇ ಅಥವಾ ಎಬ್ಬಿಸುತ್ತದೆಯೇ ಎಂಬುದು.

ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಂ ಈ ಪ್ರಶ್ನೆಯನ್ನು ಹೀಗೆ ಕೇಳಿಕೊಂಡಿರಲಿಕ್ಕಿಲ್ಲ, ಆದರೆ ಉತ್ತರ ಆತನ ದೋಣಿಯಲ್ಲಿತ್ತು. ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್ನಿನ ಹೊಲವೊಂದರಲ್ಲಿ ಕೊಳೆಯುತ್ತ ನಿಂತಿದ್ದ ‘ಸ್ಪ್ರೇ’ ಎಂಬ ಹಳೆಯ ದೋಣಿಯನ್ನು ಆತ ಹಲಗೆ ಹಲಗೆಯಾಗಿ ಹೊಸದು ಮಾಡಿದ. ಸಾಮಾನಿಗೆ ತಗುಲಿದ್ದು 553 ಡಾಲರ್ 62 ಸೆಂಟ್, ಸ್ವಂತ ದುಡಿಮೆ 13 ತಿಂಗಳು. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟು 1898ರ ಜೂನ್‌ನಲ್ಲಿ ಮರಳಿದ. ಸುಮಾರು 37 ಅಡಿ ಉದ್ದದ ಆ ದೋಣಿಯ ವಿಶೇಷವೆಂದರೆ ಹಾಯಿಗಳನ್ನು ಸರಿಯಾಗಿ ಹೊಂದಿಸಿ ಚುಕ್ಕಾಣಿಯ ಚಕ್ರವನ್ನು ಹಗ್ಗದಿಂದ ಬಿಗಿದುಬಿಟ್ಟರೆ ಅದು ತಾನಾಗಿ ದಾರಿ ಹಿಡಿದು ಹೋಗುತ್ತಿತ್ತು. ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳವರೆಗಿನ 2,700 ಮೈಲಿಯನ್ನು 23 ದಿನಗಳಲ್ಲಿ ಕ್ರಮಿಸಿದಾಗ ಚುಕ್ಕಾಣಿ ಹಿಡಿದು ಕೂತದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲವೆಂದು ಸ್ಲೋಕಂ ಬರೆದಿದ್ದಾನೆ. ಇದಕ್ಕಿಂತಲೂ ಹೆಚ್ಚು ಹೇಳುವ ಘಟನೆ ಅಟ್ಲಾಂಟಿಕ್‌ನಲ್ಲಿ ನಡೆಯಿತು. ಅಜೋರ್ಸ್‌ನಲ್ಲಿ ಸಿಕ್ಕ ಪ್ಲಮ್ ಹಣ್ಣನ್ನೂ ಗಿಣ್ಣನ್ನೂ ತಿಂದು ಹೊಟ್ಟೆನೋವಿನಿಂದ ಕ್ಯಾಬಿನ್ನಿನ ನೆಲದ ಮೇಲೆ ಬಿದ್ದಿದ್ದ ಆತನಿಗೆ, ಕೊಲಂಬಸನ ‘ಪಿಂಟಾ’ ಹಡಗಿನ ಮಾರ್ಗದರ್ಶಕನೇ ಬಂದು ಚುಕ್ಕಾಣಿ ಹಿಡಿದು ನಿಂತಂತೆ ಕಂಡಿತು. ಬೆಳಗಾಗಿ ನೋಡಿದರೆ ಸ್ಪ್ರೇ ಒರಟು ಸಮುದ್ರದಲ್ಲಿ 90 ಮೈಲಿ ದಾಟಿ, ಬಿಟ್ಟ ದಿಕ್ಕಿನಲ್ಲೇ ಹೋಗುತ್ತಿತ್ತು. ಓದುಗರು ಈ ಪ್ರಸಂಗವನ್ನು ಭೂತದ ಕಥೆಯಾಗಿ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಹದಿಮೂರು ತಿಂಗಳ ಮರಗೆಲಸ. ಮನುಷ್ಯ ಪೂರಾ ನಿರುಪಯೋಗಿಯಾದ ರಾತ್ರಿಯಲ್ಲೂ ಕೆಲಸ ನಿಲ್ಲದಂತೆ ದೋಣಿ ತಯಾರಾಗಿತ್ತು.

ಎಲ್ಲ ದೋಣಿಗಳೂ ಸ್ಪ್ರೇಯಂತೆ ತಾವೇ ದಾರಿ ಹಿಡಿಯುವುದಿಲ್ಲ. ಚಿಕ್ಕದಾದ, ಚುರುಕಾದ ದೋಣಿಗಳಂತೂ ಚುಕ್ಕಾಣಿ ಬಿಟ್ಟ ಕೆಲವೇ ಕ್ಷಣಗಳಲ್ಲಿ ಗಾಳಿಗೆ ಮುಖ ತಿರುಗಿಸಿ ನಿಲ್ಲುತ್ತವೆ. ಈ ಕೊರತೆಯನ್ನು ನೀಗಿದ್ದು ಗಾಳಿಯಿಂದಲೇ ನಡೆಯುವ ಸ್ವಯಂಚಾಲಿತ ಚುಕ್ಕಾಣಿ. ಅದನ್ನು ರೂಢಿಗೆ ತಂದವರಲ್ಲಿ ಮುಖ್ಯನಾದವನು ಬ್ಲಾಂಡಿ ಹ್ಯಾಸ್ಲರ್. ಎರಡನೇ ಮಹಾಯುದ್ಧದಲ್ಲಿ ಕಿರುದೋಣಿಗಳ ತಂಡ ಕಟ್ಟಿಕೊಂಡು ಜರ್ಮನರ ವಶದಲ್ಲಿದ್ದ ಬೋರ್ಡೋ ಬಂದರಿಗೆ ನುಗ್ಗಿದ ಬ್ರಿಟಿಷ್ ಸೈನ್ಯಾಧಿಕಾರಿ. ಆತನ ಉಪಾಯದಲ್ಲಿ ದೋಣಿಯ ಹಿಂಬದಿಗೆ ತೆಳುವಾದ ಹಲಗೆಯೊಂದು ಗಾಳಿಗೆ ಎದುರಾಗಿ ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಗಾಳಿ ಆ ಹಲಗೆಯನ್ನು ಒಂದು ಪಕ್ಕಕ್ಕೆ ಬಾಗಿಸುತ್ತದೆ, ಬಾಗಿದ ಹಲಗೆ ನೀರೊಳಗೆ ಇಳಿಬಿಟ್ಟ ಹುಟ್ಟಿನಂಥ ಅಲಗನ್ನು ಸ್ವಲ್ಪವೇ ತಿರುಗಿಸುತ್ತದೆ, ಹರಿಯುವ ನೀರು ಆ ಅಲಗನ್ನು ಬಲವಾಗಿ ಬದಿಗೆ ತಳ್ಳುತ್ತದೆ, ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯನ್ನು ಎಳೆದು ದೋಣಿಯನ್ನು ಮತ್ತೆ ದಾರಿಗೆ ತರುತ್ತವೆ. ಗಾಳಿ ಹೇಳುತ್ತದೆ, ನೀರು ದುಡಿಯುತ್ತದೆ. ವಿದ್ಯುತ್ತು ಬೇಕಿಲ್ಲ, ಗಾಳಿ ಹೆಚ್ಚಿದಷ್ಟೂ ಅದರ ಶಕ್ತಿಯೂ ಹೆಚ್ಚು. 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ನಡೆದ ಮೊದಲ ಒಂಟಿ ಅಟ್ಲಾಂಟಿಕ್ ಪಂದ್ಯದಲ್ಲಿ ಹ್ಯಾಸ್ಲರ್ 25 ಅಡಿಯ ‘ಜೆಸ್ಟರ್’ನಲ್ಲಿ 48 ದಿನಕ್ಕೆ ಮುಟ್ಟಿ ಎರಡನೆಯವನಾದ. ಹಾಯಿಯನ್ನೂ ಆತ ಚೀನೀ ಹಡಗುಗಳ ಮಾದರಿಗೆ ಬದಲಿಸಿದ್ದ. ಅದನ್ನು ಏರಿಸಲು, ಇಳಿಸಲು, ಕಿರಿದು ಮಾಡಲು ಡೆಕ್ಕಿನ ಮೇಲೆ ಹೋಗಬೇಕಿರಲಿಲ್ಲ; ಕ್ಯಾಬಿನ್ನಿನ ಚಾವಣಿಯ ಕಿಂಡಿಯಲ್ಲಿ ನಿಂತು ಹಗ್ಗ ಎಳೆದರೆ ಸಾಕಿತ್ತು. ವೇಗದ ದೃಷ್ಟಿಯಿಂದ ಆ ಹಾಯಿ ಅಷ್ಟಕ್ಕಷ್ಟೆ. ಆದರೆ ರಾತ್ರಿ ಎರಡಕ್ಕೆ ಗಾಳಿ ಏರಿದಾಗ ಒದ್ದೆಯಾಗದೆ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಮತ್ತೆ ಮಲಗುವವನಿಗೂ, ಅರ್ಧ ಗಂಟೆ ಅಲೆಯ ಹೊಡೆತದಲ್ಲಿ ನಿಂತು ನಡುಗುತ್ತ ಹಿಂತಿರುಗುವವನಿಗೂ ಮೂರನೇ ವಾರದ ಹೊತ್ತಿಗೆ ಬೀಳುವ ಅಂತರವನ್ನು ಗಂಟೆಗೆ ಇಷ್ಟು ಮೈಲಿ ಎಂಬ ಲೆಕ್ಕ ಹಿಡಿಯಲಾರದು.

ಇಲ್ಲಿಗೇ ಮೊದಲ ಆಕ್ಷೇಪ ಏಳುತ್ತದೆ, ಮತ್ತು ಅದು ಗಟ್ಟಿಯಾದ ಆಕ್ಷೇಪ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಐದನೆಯ ನಿಯಮ, ಪ್ರತಿ ನೌಕೆಯೂ ಎಲ್ಲ ಕಾಲದಲ್ಲೂ ಕಣ್ಣು ಕಿವಿ ತೆರೆದು ಕಾವಲಿರಬೇಕೆಂದು ವಿಧಿಸುತ್ತದೆ. ನಿದ್ದೆ ಮಾಡುವ ಒಂಟಿ ನಾವಿಕ ಆ ನಿಯಮವನ್ನು ದಿನವೂ ಮುರಿಯುತ್ತಾನೆ. ಇದನ್ನು ನಾಜೂಕು ಮಾತಿನಲ್ಲಿ ಮುಚ್ಚಿಡುವುದು ಅಪ್ರಾಮಾಣಿಕತೆ. ಹಾಗಿದ್ದರೂ ಲೆಕ್ಕವನ್ನು ಬಿಡಿಸಿ ನೋಡಬೇಕು. ನೀರಿನಿಂದ ಎರಡು ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ದಿಗಂತ ಸುಮಾರು ಮೂರು ನಾಟಿಕಲ್ ಮೈಲಿ ದೂರ. ದೊಡ್ಡ ಹಡಗಿನ ಎತ್ತರದ ದೀಪ ಅದಕ್ಕಿಂತ ದೂರದಿಂದ ಕಾಣುತ್ತದೆ. ನಿಯಮದ ಪ್ರಕಾರ ಅದು ಆರು ಮೈಲಿಗಾದರೂ ಕಾಣಲೇಬೇಕು. ಹಡಗಿನ ವೇಗ 20 ನಾಟ್, ದೋಣಿಯದು 5 ನಾಟ್, ಎರಡೂ ಎದುರುಬದುರು ಬರುತ್ತಿವೆ ಎಂದಿಟ್ಟುಕೊಂಡರೆ ಆ ಆರು ಮೈಲಿ ಹದಿನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತದೆ. ಒಂಟಿ ನಾವಿಕರು ಹಡಗುಗಳ ದಾರಿಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟು ಏಳುವುದಕ್ಕೆ ಹಿನ್ನೆಲೆ ಇದೇ. ಇಪ್ಪತ್ತು ನಿಮಿಷವೂ ಕೆಟ್ಟ ಸಂದರ್ಭಕ್ಕೆ ಸಾಲದೆಂಬುದು ಈ ಲೆಕ್ಕದಲ್ಲೇ ಕಾಣುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಸಣ್ಣ ದೋಣಿಯ ದೀಪ ಬಹುಪಾಲು ಎರಡು ಮೈಲಿಯಷ್ಟೇ ಕಾಣುವಂಥದು. ದೊಡ್ಡ ಹಡಗಿನ ಕಾವಲುಗಾರನಿಗೆ ಸಿಗುವುದು ಐದೇ ನಿಮಿಷ. ಹೀಗಿರುವಾಗ ಮನುಷ್ಯನ ಕಣ್ಣನ್ನೇ ನಂಬಿ ಕೂರುವುದಕ್ಕಿಂತ ಹಡಗುಗಳು ತಮ್ಮ ಹೆಸರು, ಸ್ಥಾನ, ವೇಗ ಸಾರುವ ಎಐಎಸ್ ಸಂಕೇತವನ್ನು ಹಿಡಿದು ಗಂಟೆ ಬಾರಿಸುವ ಪುಟ್ಟ ಯಂತ್ರ ಎಷ್ಟೋ ಮೇಲು. ಅದು ಬೇಡುವ ವಿದ್ಯುತ್ತು ಅತ್ಯಲ್ಪ, ಕೊಡುವುದು ನಿದ್ದೆ. ಹಳೆಯ ಕ್ರಮವೇ ಶ್ರೇಷ್ಠವೆಂದು ಇದನ್ನು ಬೇಡವೆನ್ನುವವರನ್ನು ನಾನು ಒಪ್ಪಲಾರೆ. ಇಷ್ಟಾದರೂ ಐದನೆಯ ನಿಯಮ ಮುರಿದಂತೆಯೇ ಉಳಿಯುತ್ತದೆ, ನಿಜ. ಕರಾವಳಿಯ ಹತ್ತಿರ, ಮೀನುದೋಣಿಗಳ ನಡುವೆ ಒಂಟಿ ನಾವಿಕ ಮಲಗಲೇಬಾರದೆಂದೂ, ಹೊರಡುವ ದಿನಕ್ಕೆ ಮುಂಚಿನ ರಾತ್ರಿ ಊಟ ಮಾತುಗಳಲ್ಲಿ ಕಳೆಯದೆ ಚೆನ್ನಾಗಿ ಮಲಗಿ ಎದ್ದೇ ದಡ ಬಿಡಬೇಕೆಂದೂ ನಾನು ಹೇಳುವುದು ಅದಕ್ಕೇ. ನೂರು ಮೈಲಿ ಹೊರಗೆ ಹೋದ ಮೇಲೆ ಅಪಾಯಕ್ಕೆ ಸಿಲುಕುವವನು ಹೆಚ್ಚುಕಡಿಮೆ ಅವನೊಬ್ಬನೇ.

ದೋಣಿಯ ಒಡಲಿನ ವಿಷಯಕ್ಕೆ ಬಂದರೆ ನಿದ್ದೆಯ ಅಳತೆ ಹಳೆಯದರ ಮೋಹಿಗಳನ್ನೂ ಸುಮ್ಮನೆ ಬಿಡುವುದಿಲ್ಲ. ಮರದ ದೋಣಿಯ ಸೊಬಗಿನ ಬಗ್ಗೆ ಎಷ್ಟು ಹೇಳಿದರೂ ಸಂದುಗಳಲ್ಲಿ ನೀರು ಜಿನುಗುವ ದೋಣಿ ಕೆಲವು ಗಂಟೆಗಳಿಗೊಮ್ಮೆ ಪಂಪು ಹಿಡಿಯಲು ಎಬ್ಬಿಸುತ್ತದೆ. ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ದೋಣಿ ‘ಸುಹೈಲಿ’ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು, ಉದ್ದ 32 ಅಡಿ. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅಟ್ಲಾಂಟಿಕ್‌ನಲ್ಲೇ ಅದರ ತಳದ ಸಂದು ಬಿಟ್ಟುಕೊಂಡದ್ದನ್ನು ಕಂಡರು. ನೀರಿಗೆ ಇಳಿದು, ಉಸಿರು ಹಿಡಿದು, ಸಂದಿಗೆ ಹತ್ತಿ ಒತ್ತಿ, ಮೇಲೆ ಕ್ಯಾನ್ವಾಸು ಪಟ್ಟಿ ಬಡಿದು, ಅದಕ್ಕೂ ಮೇಲೆ ತಾಮ್ರದ ತಗಡು ಹೊದಿಸಿದರು. ನಡುವೆ ಸುತ್ತಾಡತೊಡಗಿದ ಶಾರ್ಕ್ ಒಂದನ್ನು ಗುಂಡಿಟ್ಟು ಕೊಂದರು. ಇದನ್ನು ಸಾಹಸವೆಂದು ಕೊಂಡಾಡುವುದು ಸುಲಭ. ಗಮನಿಸಬೇಕಾದ್ದು ಬೇರೆ ಎರಡಿವೆ. ಆ ಸಂದು ದಡದಲ್ಲೇ ಗಟ್ಟಿಯಾಗಿದ್ದಿದ್ದರೆ ಈ ಸಾಹಸದ ಅಗತ್ಯವೇ ಬೀಳುತ್ತಿರಲಿಲ್ಲ. ಇನ್ನೊಂದು, ಕೆಟ್ಟದ್ದು ಹತ್ತಿ, ಮೊಳೆ, ತಗಡುಗಳಿಂದ ಒಬ್ಬನೇ ಸರಿಮಾಡಬಹುದಾದ ಬಗೆಯದಾಗಿತ್ತು. ಮುಂದೆ ಅದೇ ಪಯಣದಲ್ಲಿ ದಕ್ಷಿಣ ಸಾಗರದ ಅಲೆಯೊಂದು ಸುಹೈಲಿಯನ್ನು ಮಗ್ಗುಲಾಗಿ ಕೆಡವಿ ಕುಡಿಯುವ ನೀರಿನ ತೊಟ್ಟಿಗಳನ್ನು ಕೆಡಿಸಿತು, ರೇಡಿಯೊ ಕೈಕೊಟ್ಟಿತು, ಆಸ್ಟ್ರೇಲಿಯ ತಲುಪುವಷ್ಟರಲ್ಲಿ ಸ್ವಯಂಚಾಲಿತ ಚುಕ್ಕಾಣಿಯೂ ಮುರಿದುಹೋಯಿತು. ಅಲ್ಲಿಂದ ಮುಂದೆ ಉಳಿದರ್ಧ ಭೂಮಿಯನ್ನು ಅವರು ಹಾಯಿಗಳನ್ನು ತೂಗಿಸಿ ದೋಣಿಯನ್ನೇ ದಾರಿ ಹಿಡಿಸಿ ದಾಟಿದರು. ಅಂದರೆ ಯಂತ್ರದ ಕೆಳಗೆ ಸ್ಲೋಕಂ ಕಾಲದ ಗುಣ ಇನ್ನೂ ಉಳಿದಿತ್ತು. ದೋಣಿಯ ಆಯ್ಕೆ ಮಾಡುವಾಗಲೇ ಈ ಗುಣ ನೋಡಿಕೊಳ್ಳಬೇಕು. ಆಮೇಲೆ ಎಷ್ಟು ದುಡ್ಡು ಸುರಿದರೂ ಅದು ಬರುವುದಿಲ್ಲ.

ಬಿರುಗಾಳಿಗೆ ದೋಣಿಯನ್ನು ಹೇಗೆ ಅಣಿಗೊಳಿಸಬೇಕೆಂಬುದಕ್ಕೆ 1979ರ ಆಗಸ್ಟ್‌ನ ಫಾಸ್ಟ್‌ನೆಟ್ ಪಂದ್ಯದಷ್ಟು ಕಠೋರ ಸಾಕ್ಷ್ಯ ಮತ್ತೊಂದಿಲ್ಲ. 303 ದೋಣಿಗಳು ಹೊರಟಿದ್ದವು, ಪಂದ್ಯದ ನಾವಿಕರಲ್ಲಿ 15 ಜನ ಸತ್ತರು. 24 ದೋಣಿಗಳನ್ನು ಅವುಗಳ ನಾವಿಕರು ಬಿಟ್ಟುಹೋದರು. ಮುಳುಗಿದ್ದು ಐದು ಮಾತ್ರ, ಉಳಿದವು ತೇಲುತ್ತಲೇ ಸಿಕ್ಕವು. ಆ ದೋಣಿಗಳಲ್ಲಿ ಒಬ್ಬರಲ್ಲ, ಆರೇಳು ಜನರಿದ್ದರು ಎಂಬುದನ್ನು ನೆನಪಿಡಬೇಕು. ದೋಣಿ ತೇಲಲು ಸಿದ್ಧವಿದ್ದರೂ ಒಳಗೆ ಬದುಕಲು ಆಗದ ಸ್ಥಿತಿ ಹುಟ್ಟಿತ್ತು. ಕ್ಯಾಬಿನ್ನಿನ ಬಾಗಿಲಿಗೆ ಹಾಕುವ ಹಲಗೆಗಳು ದೋಣಿ ಮಗುಚಿದಾಗ ಜಾರಿಬಿದ್ದು ನೀರಿಗೆ ದಾರಿಯಾದವು. ಕಟ್ಟದೆ ಬಿಟ್ಟ ಬ್ಯಾಟರಿ, ಒಲೆ, ಡಬ್ಬಿಗಳು ಒಳಗೆ ಹಾರಾಡಿ ಮೈಕೈ ಮುರಿದವು. ಬಿರುಗಾಳಿಯ ಸಿದ್ಧತೆಯೆಂದರೆ ಹೆಚ್ಚಿನಂಶ ಈ ಮಂಕು ಕೆಲಸ. ಬಾಗಿಲಿನ ಹಲಗೆಗೆ ಒಳಗಿಂದಲೂ ಹೊರಗಿಂದಲೂ ಹಾಕಬಹುದಾದ ಅಗುಳಿ, ಬ್ಯಾಟರಿಗೆ ಪಟ್ಟಿ, ನೆಲದ ಹಲಗೆಗಳಿಗೆ ತಿರುಪು, ತಳದ ಪ್ರತಿಯೊಂದು ತೂತಿನ ಪಕ್ಕದಲ್ಲೂ ಅದಕ್ಕೆ ಸರಿಯಾದ ಮರದ ಬೆಣೆ ಕಟ್ಟಿಡುವುದು. ದೋಣಿಯನ್ನು ತಲೆಕೆಳಗೆ ಮಾಡಿದರೆ ಒಳಗೆ ಯಾವುದೂ ಸದ್ದು ಮಾಡಬಾರದು ಎಂಬ ಕಲ್ಪನೆಯಲ್ಲಿ ಒಂದೊಂದು ಮೂಲೆಯನ್ನೂ ನೋಡಿಕೊಂಡು ಹೋಗಬೇಕು. ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳದೂ ಇದೇ ಕಥೆ. ಅವು ಸೋಲುವುದು ನಡುವೆಯಲ್ಲ, ತುದಿಗಳಲ್ಲಿ. ಹೊರಗೆ ಹೊಳೆಯುವ ಉಕ್ಕಿನ ಒಳಗೆ, ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ಕೂತು ಕೊರೆಯುತ್ತಿರುತ್ತದೆ. ಹತ್ತು ಹನ್ನೆರಡು ವರ್ಷದ ತಂತಿ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸುವುದು, ಅತಿ ಉದ್ದದ ತಂತಿಯಷ್ಟೇ ಉದ್ದದ ಒಂದು ಬಿಡಿ ತಂತಿ, ಕೈಯಿಂದಲೇ ಬಿಗಿಯಬಹುದಾದ ತುದಿಗಳು, ಮುರಿದ ಮರವನ್ನು ಕಡಿದು ಬಿಡಲು ಕತ್ತರಿ, ಇಷ್ಟನ್ನು ಜೊತೆಗಿಡುವುದು ನಾವಿಕರಲ್ಲಿ ರೂಢಿ. ಹಾಸಿಗೆಯಲ್ಲಿ ಮಲಗಿದವನ ಕಿವಿ ಒಂದು ತಂತಿಯ ಮೇಲೇ ನೆಟ್ಟಿದ್ದರೆ ಅದನ್ನು ನಿದ್ದೆಯೆನ್ನಲಾಗದು.

ನೀರು, ಆಹಾರದ ಲೆಕ್ಕ ಇದಕ್ಕೆ ಹೋಲಿಸಿದರೆ ಸುಲಭ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ನಿಗೆ ಸುಮಾರು 2,700 ನಾಟಿಕಲ್ ಮೈಲಿ. 25 ಅಡಿಯ ದೋಣಿ ದಿನಕ್ಕೆ ನೂರು ಮೈಲಿ ಸಾಗಿದರೆ 27 ದಿನ. ಗಾಳಿ ಬೀಳಬಹುದು, ಮರ ಮುರಿಯಬಹುದು ಎಂದು ಅರ್ಧದಷ್ಟು ಸೇರಿಸಿದರೆ 40 ದಿನ. ದಿನಕ್ಕೆ ನಾಲ್ಕು ಲೀಟರಿನಂತೆ 160 ಲೀಟರ್. ಅದನ್ನು ಒಂದೇ ತೊಟ್ಟಿಯಲ್ಲಿ ತುಂಬಬಾರದೆಂಬುದಕ್ಕೆ ಸುಹೈಲಿಯ ಅನುಭವವೇ ಸಾಕು. ಎರಡೂವರೆ ಟನ್ನಿನ ದೋಣಿಗೆ ಈ ನೀರು, ತಿಂಡಿ, ಲಂಗರು, ಸರಪಳಿ, ಉಪಕರಣ ಎಲ್ಲ ಸೇರಿ ಅರ್ಧ ಟನ್ ಹೆಚ್ಚಾದರೆ ಅದು ಐದನೇ ಒಂದರಷ್ಟು ಭಾರ. ಭಾರವಾದ ಸಣ್ಣ ದೋಣಿ ಅಲೆ ಏರದೆ ಅಲೆಯೊಳಗೆ ನುಗ್ಗುತ್ತದೆ, ಡೆಕ್ಕು ತೊಳೆಯುತ್ತದೆ, ಒಳಗೆ ಒದ್ದೆ ಮಾಡುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ತಂದರೆ ನೂರು ಲೀಟರ್ ಉಳಿಯಿತಲ್ಲ ಎನ್ನುವವರಿದ್ದಾರೆ. ಉಳಿದದ್ದು ಹೌದು, ಆದರೆ ಅದಕ್ಕೆ ಬ್ಯಾಟರಿ, ಬ್ಯಾಟರಿಗೆ ಸೌರಫಲಕ, ಫಲಕಕ್ಕೆ ಬಿಸಿಲು, ಎಲ್ಲದರ ನಡುವೆ ಉಪ್ಪು ಕೂತ ಹತ್ತಾರು ಜೋಡಣೆಗಳು. ಯಂತ್ರ ಕೆಟ್ಟರೆ ಬಾಯಾರಿಕೆಯ ಭಯವೂ ನಿದ್ದೆಗೆಟ್ಟ ರಿಪೇರಿಯೂ ಒಟ್ಟಿಗೆ ಬರುತ್ತವೆ. ಕ್ಯಾನಿನಲ್ಲಿ ತುಂಬಿಟ್ಟ ನೀರು ಯಾರನ್ನೂ ಎಬ್ಬಿಸುವುದಿಲ್ಲ.

ಸಿದ್ಧತೆಯ ಮಾತು ಬಂದಲ್ಲೆಲ್ಲ ಡೊನಾಲ್ಡ್ ಕ್ರೋಹರ್ಸ್ಟ್ ಹೆಸರು ಬರುತ್ತದೆ, ಬರಲೇಬೇಕು. ನಾಕ್ಸ್-ಜಾನ್‌ಸ್ಟನ್ ಗೆದ್ದ ಅದೇ 1968ರ ಪಂದ್ಯಕ್ಕೆ ಆತ ಹೊರಟದ್ದು ಅಕ್ಟೋಬರ್ 31ರಂದು. ಹೊರಡಲು ಇದ್ದ ಕೊನೆಯ ದಿನ ಅದು. ಎಲೆಕ್ಟ್ರಾನಿಕ್ಸ್ ಬಲ್ಲ ಆತ ತನ್ನ ಮೂರೊಡಲಿನ ದೋಣಿ ಮಗುಚಿದರೆ ತಾನಾಗಿ ಎತ್ತಿ ನಿಲ್ಲಿಸುವ ವ್ಯವಸ್ಥೆಯೊಂದನ್ನು ಯೋಚಿಸಿದ್ದ. ಕೂವೆಮರದ ತುದಿಯಲ್ಲಿ ಗಾಳಿಚೀಲ ಕೂತಿತ್ತು, ತಂತಿಗಳೂ ಎಳೆದಿದ್ದವು. ಅವುಗಳನ್ನು ನಡೆಸಬೇಕಿದ್ದ ಯಂತ್ರ ಮಾತ್ರ ಮುಗಿದಿರಲಿಲ್ಲ. ಕಿಂಡಿಗಳಲ್ಲಿ ನೀರು ಒಳಗೆ ಬರುತ್ತಿತ್ತು, ಅದನ್ನು ಎತ್ತಿ ಹಾಕುವ ಪಂಪಿನ ಕೊಳವೆ ದೋಣಿ ಸೇರಿರಲಿಲ್ಲ. ಆ ದೋಣಿ ದಕ್ಷಿಣ ಸಾಗರ ಸೇರಲಾರದೆಂದು ತಿಳಿದ ಮೇಲೆ ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ ಸುಳ್ಳು ಸ್ಥಾನಗಳನ್ನು ರೇಡಿಯೊದಲ್ಲಿ ತಿಳಿಸಿದ. 1969ರ ಜುಲೈನಲ್ಲಿ ದೋಣಿ ಖಾಲಿಯಾಗಿ ಸಿಕ್ಕಿತು. ಆತ ಮುಂದೆ ಓಡುತ್ತಿದ್ದಾನೆಂದು ನಂಬಿ ತನ್ನ ಜರ್ಜರಿತ ದೋಣಿಯನ್ನು ಅತಿಯಾಗಿ ಓಡಿಸಿದ ನೈಜೆಲ್ ಟೆಟ್ಲಿಯ ‘ವಿಕ್ಟ್ರೆಸ್’ ಗುರಿಗೆ ಸುಮಾರು ಸಾವಿರ ಮೈಲಿ ಇರುವಾಗ ಮುಳುಗಿತು. ಕ್ರೋಹರ್ಸ್ಟ್‌ನ ದುರಂತವನ್ನು ಮನೋರೋಗದ ಕಥೆಯಾಗಿ ಓದುವವರು ಹೆಚ್ಚು. ಆದರೆ ಆತ ದಡ ಬಿಡುವ ಮುಂಚೆ ಆದ ಕರಾರನ್ನೂ ನೋಡಬೇಕು. ಪಯಣ ಕೈಗೂಡದಿದ್ದರೆ ದೋಣಿಯನ್ನು ಹಣ ಹಾಕಿದವರಿಂದ ತಾನೇ ಕೊಂಡುಕೊಳ್ಳಬೇಕೆಂಬ ಷರತ್ತಿತ್ತು, ಹಿಂದಿರುಗುವುದೆಂದರೆ ದಿವಾಳಿಯಾಗುವುದು. ಹೊರಡುವ ತಾರೀಕು ಪಂದ್ಯದವರ ಕೈಯಲ್ಲಿ, ಹಿಂತಿರುಗುವ ದಾರಿ ಸಾಲದ ಕೈಯಲ್ಲಿ. ಹಾಗಾಗಿ ಸಾಲ ಮತ್ತು ತಾರೀಕು ಸಹ ದೋಣಿಯ ಸಿದ್ಧತೆಗೆ ಸೇರಿದ ವಿಷಯಗಳೆಂದೇ ನಾನು ಎಣಿಸುತ್ತೇನೆ. ನಮ್ಮ ಕರಾವಳಿಯ ಮೀನುಗಾರರು ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು, ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ ಮತ್ತೆ ಇಳಿಸುವಾಗ ತಾರೀಕನ್ನು ಸಮುದ್ರವೇ ನಿಗದಿ ಮಾಡಿರುತ್ತದೆ. ಅಟ್ಲಾಂಟಿಕ್‌ನಲ್ಲೂ ಚಂಡಮಾರುತದ ಕಾಲ ನವೆಂಬರ್ ಕೊನೆಗೆ ಮುಗಿಯುತ್ತದೆ, ಆಮೇಲೆ ಕೆಲವು ತಿಂಗಳು ವಾಣಿಜ್ಯ ಮಾರುತ ಬೀಸುತ್ತದೆ. ಆ ಅವಧಿಯೊಳಗೆ ಯಾವ ದಿನವಾದರೂ ಆದೀತು ಎನ್ನುವ ಸ್ವಾತಂತ್ರ್ಯ ಇಲ್ಲದವರು ಹೊರಡದಿರುವುದೇ ಲೇಸು.

ಇದೆಲ್ಲ ಬಡತನಕ್ಕೆ ಹೊದಿಸಿದ ತತ್ವಜ್ಞಾನವಲ್ಲವೇ, ಫ್ರಾನ್ಸಿನ ವಾಂಡೇ ಗ್ಲೋಬ್ ಪಂದ್ಯದಲ್ಲಿ ಅರವತ್ತಡಿಯ ದೋಣಿಗಳು ತುಂಬ ಎಲೆಕ್ಟ್ರಾನಿಕ್ಸ್ ಹೊತ್ತು ಮೂರು ತಿಂಗಳೊಳಗೆ ಭೂಮಿ ಸುತ್ತುತ್ತಿಲ್ಲವೇ ಎಂದು ಕೇಳಬಹುದು. ಸುತ್ತುತ್ತವೆ. ಆದರೆ ಆ ದೋಣಿಗಳ ಹಿಂದೆ ದಡದಲ್ಲಿ ವರ್ಷವಿಡೀ ದುಡಿಯುವ ತಂಡಗಳಿವೆ. ಸಂಕೀರ್ಣತೆ ಬೇಡುವ ಗಮನದ ಬಹುಭಾಗವನ್ನು ಆ ತಂಡಗಳು ಮುಂಚಿತವಾಗಿ ಕೊಟ್ಟಿರುತ್ತವೆ. ಅಷ್ಟಾಗಿಯೂ ಅವುಗಳಲ್ಲಿ ಎಷ್ಟೋ ದೋಣಿಗಳು ಅರ್ಧದಾರಿಯಲ್ಲೇ ನಿಲ್ಲುತ್ತವೆ. ಸ್ವಂತ ದುಡ್ಡಿನಲ್ಲಿ ಹೊರಡುವವನು ಆ ದೋಣಿಯನ್ನು ಅನುಕರಿಸಬಹುದು, ಆ ತಂಡವನ್ನು ಅನುಕರಿಸಲಾಗದು. ಸರಳವಾದದ್ದು ಕೆಡುವುದೇ ಇಲ್ಲವೆಂದೂ ನಾನು ಹೇಳುತ್ತಿಲ್ಲ. ಹಳೆಯ ಉಪಕರಣಗಳಿಂದಲೇ ನಡೆಯುವ 2022ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಮುಂದೆ ಓಡುತ್ತಿದ್ದ ಸೈಮನ್ ಕರ್ವೆನ್ ಅವರ ಗಾಳಿಚುಕ್ಕಾಣಿ ಮುರಿದು, ಅವರು ಚಿಲಿಯ ದಡಕ್ಕೆ ಹೋಗಬೇಕಾಯಿತು. ಅದೇ ಪಂದ್ಯದಲ್ಲಿ ಅಭಿಲಾಷ್ ಟೋಮಿ ತಮ್ಮ ಗಾಳಿಚುಕ್ಕಾಣಿಗೆ ಬೇಕಾದ ಹಲಗೆಯನ್ನು ಶೌಚದ ಬಾಗಿಲನ್ನು ಕೊಯ್ದು ಮಾಡಿಕೊಂಡರು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಹೊರಟ 16 ಜನರಲ್ಲಿ ಪಂದ್ಯದ ನಿಯಮದಂತೆ ಎಲ್ಲೂ ನಿಲ್ಲದೆ ಮುಗಿಸಿದವರು ಮೂವರೇ. ಬಾಗಿಲನ್ನು ಕೊಯ್ದರೆ ಬಿಡಿಭಾಗವಾಗುವ ಯಂತ್ರ ಕೆಟ್ಟಾಗಲೂ ಪಯಣ ಮುಂದುವರಿಯುತ್ತದೆ. ಸರ್ಕಿಟ್ಟು ಸುಟ್ಟುಹೋದರೆ ಯಾವ ಬಾಗಿಲೂ ಉಪಯೋಗಕ್ಕೆ ಬರುವುದಿಲ್ಲ.

ದೋಣಿ ತಾನಾಗಿ ಹೋಗುವುದರಲ್ಲಿ ಒಂದು ಕ್ರೂರ ತೊಡಕೂ ಇದೆ. ಎಷ್ಟು ಚೆನ್ನಾಗಿ ಅದು ದಾರಿ ಹಿಡಿಯುತ್ತದೆಯೋ ಅಷ್ಟೇ ಖಚಿತವಾಗಿ, ನೀರಿಗೆ ಬಿದ್ದ ಯಜಮಾನನನ್ನು ಬಿಟ್ಟು ಹೊರಟುಹೋಗುತ್ತದೆ. ನಡೆಯುವಷ್ಟು ವೇಗದಲ್ಲಿ ಹೋಗುವ ದೋಣಿಯನ್ನೂ ಈಜಿ ಹಿಡಿಯಲು ಸಾಧ್ಯವಿಲ್ಲ. ಒಂಟಿ ಪಯಣದ ದಂತಕಥೆಯೇ ಆಗಿದ್ದ ಎರಿಕ್ ತಬಾರ್ಲಿ 1998ರ ಜೂನ್‌ನಲ್ಲಿ ತನ್ನ ‘ಪೆನ್ ದುಯಿಕ್’ನಿಂದ ರಾತ್ರಿ ಹಾಯಿ ಬದಲಿಸುವಾಗ ನೀರಿಗೆ ಬಿದ್ದು ಸತ್ತ. ಜೊತೆಯಲ್ಲಿ ಜನರಿದ್ದರು, ಆದರೆ ಸೊಂಟಕ್ಕೆ ಪಟ್ಟಿ ಇರಲಿಲ್ಲ. ಡೆಕ್ಕಿನ ಉದ್ದಕ್ಕೂ, ಸಾಧ್ಯವಾದಷ್ಟೂ ನಡುಭಾಗದಲ್ಲಿ ಪಟ್ಟಿ ಎಳೆದು, ದೋಣಿಯ ಅಂಚಿನಾಚೆಗೆ ಬೀಳಲಾಗದಷ್ಟು ಗಿಡ್ಡ ಹಗ್ಗವನ್ನು ಮೈಗೆ ಬಿಗಿದುಕೊಂಡೇ ಹೊರಗೆ ಬರಬೇಕು. ಬಿದ್ದ ಮೇಲೆ ಹಿಡಿದುಕೊಳ್ಳುವಷ್ಟು ಉದ್ದದ ಹಗ್ಗದಿಂದ ಪ್ರಯೋಜನ ಕಡಿಮೆ. ತನ್ನದೇ ಕೆಲಸದಲ್ಲಿ ಮುಳುಗಿದ ದೋಣಿಯ ಪಕ್ಕದಲ್ಲಿ ನೀರಿನಲ್ಲಿ ಎಳೆದಾಡುವುದೂ ಸಾವೇ.

ಕೊನೆಯ ಆಕ್ಷೇಪ ನೈತಿಕವಾದದ್ದು. ಇವರು ಹಟಕ್ಕೆ ಹೊರಡುತ್ತಾರೆ, ಮುಳುಗುವಾಗ ಬೇರೆಯವರು ಪ್ರಾಣ ಪಣಕ್ಕಿಟ್ಟು ಹುಡುಕಬೇಕು. 2018ರ ಸೆಪ್ಟೆಂಬರ್‌ನಲ್ಲಿ ಟೋಮಿ ಅವರ ‘ತುರೀಯ’ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೂವೆಮರ ಕಳೆದುಕೊಂಡು, ಅವರು ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದಾಗ, ಭಾರತೀಯ ನೌಕಾಪಡೆಯ ವಿಮಾನ ಹುಡುಕಿಹೋಯಿತು, ಆಸ್ಟ್ರೇಲಿಯದ ರಕ್ಷಣಾ ಕೇಂದ್ರ ಕೆಲಸಕ್ಕಿಳಿಯಿತು, ಫ್ರಾನ್ಸಿನ ‘ಒಸಿರಿಸ್’ ನೌಕೆ ಅವರನ್ನು ಎತ್ತಿಕೊಂಡಿತು. ಗೋವಾದಲ್ಲಿ ಸುಹೈಲಿಯ ಮಾದರಿಯಲ್ಲೇ ಕಟ್ಟಿದ, ಬಹಳ ಕಾಳಜಿಯಿಂದ ಅಣಿಗೊಳಿಸಿದ ದೋಣಿ ಅದು. ನನ್ನ ವಾದಕ್ಕೆ ಇಲ್ಲೊಂದು ಮಿತಿ ಇದೆಯೆಂದು ಒಪ್ಪಲೇಬೇಕು. ಮನುಷ್ಯನೇ ಮುರಿದುಬಿದ್ದರೆ, ದೋಣಿಯೂ ಜೊತೆಗೆ ಮುರಿದರೆ, ನಿದ್ದೆಯ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಉಳಿಯುವುದು ಉಪಗ್ರಹಕ್ಕೆ ಕೂಗುವ ಆಪತ್ಸೂಚಕ, ತೆಪ್ಪ, ಒಂದು ಚೀಲ. ಇವೆಲ್ಲ ನನ್ನ ಅಳತೆಯಲ್ಲಿ ತೇರ್ಗಡೆಯಾಗುವ ವಸ್ತುಗಳೇ, ಯಾಕೆಂದರೆ ಬೇಕಾಗುವವರೆಗೂ ಅವು ಏನನ್ನೂ ಕೇಳುವುದಿಲ್ಲ. 1982ರಲ್ಲಿ 21 ಅಡಿಯ ‘ನೆಪೋಲಿಯನ್ ಸೋಲೋ’ ಅಟ್ಲಾಂಟಿಕ್‌ನಲ್ಲಿ ನೀರು ತುಂಬಿದಾಗ ಸ್ಟೀವನ್ ಕ್ಯಾಲಹನ್ ಮತ್ತೆ ಒಳಗೆ ಮುಳುಗಿ ತಂದ ಆಪತ್ತಿನ ಚೀಲವೇ ಅವರನ್ನು ತೆಪ್ಪದಲ್ಲಿ 76 ದಿನ ಬದುಕಿಸಿತು. ರಕ್ಷಕರ ಮೇಲಿನ ಹೊರೆಯ ಮಾತಿಗೆ ಉತ್ತರ ಪೂರ್ತಿ ಸಿಗುವುದಿಲ್ಲ. 2022ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಆಗ್ನೇಯಕ್ಕೆ ಟಾಪಿಯೋ ಲೆಹ್ಟಿನೆನ್ ಅವರ ದೋಣಿ ಕೆಲವೇ ನಿಮಿಷಗಳಲ್ಲಿ ಮುಳುಗಿದಾಗ ಮೊದಲು ತಲುಪಿದ್ದು ಮಾತ್ರ ಇನ್ನೊಬ್ಬ ಒಂಟಿ ನಾವಿಕೆ. 2022ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದ ಕರ್ಸ್ಟನ್ ನೊಯ್‌ಶೇಫರ್ ರಾತ್ರಿಯಿಡೀ ತಾವೇ ಚುಕ್ಕಾಣಿ ಹಿಡಿದು ಸುಮಾರು ನೂರು ಮೈಲಿ ಹೋಗಿ ಅವರನ್ನು ತೆಪ್ಪದಿಂದ ಎತ್ತಿ, ಸರಕು ಹಡಗೊಂದಕ್ಕೆ ಹತ್ತಿಸಿದರು. ಆ ಒಂದು ರಾತ್ರಿ ಪೂರ್ತಿ ಎಚ್ಚರವಿರಲು ಅವರಿಗೆ ಸಾಧ್ಯವಾದದ್ದು ಹಿಂದಿನ ರಾತ್ರಿಗಳನ್ನು ದೋಣಿ ನುಂಗಿಹಾಕಿರದ ಕಾರಣ ಎಂದು ನಾನು ಊಹಿಸುತ್ತೇನೆ.

ನೊಯ್‌ಶೇಫರ್ ಆ ಪಂದ್ಯವನ್ನು ಗೆದ್ದರು. ತಮ್ಮ ‘ಮಿನ್ನೆಹಾಹಾ’ವನ್ನು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಚಳಿಗಾಲವಿಡೀ ಸ್ವತಃ ದುಡಿದು ಹೊಸದು ಮಾಡಿಕೊಂಡವರು ಅವರು. ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂದೆ ಕೂಡ 2009ರಲ್ಲಿ ಹೊರಡುವ ಮುಂಚೆ ನಾಕ್ಸ್-ಜಾನ್‌ಸ್ಟನ್ ಅವರ ದೋಣಿಯನ್ನು ಪಂದ್ಯಕ್ಕೆ ಅಣಿಗೊಳಿಸುವಾಗ ಜೊತೆಗಿದ್ದು ಕಲಿತರು, ಆಮೇಲೆ ಗೋವಾದ ದಿವಾಡಿ ದ್ವೀಪದಲ್ಲಿ ‘ಮ್ಹಾದೇಯಿ’ ಏಳುತ್ತಿದ್ದಷ್ಟು ಕಾಲವೂ ಅದರ ಜೊತೆಗಿದ್ದರು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ಆ ದೋಣಿ 56 ಅಡಿಯದು, ಸಣ್ಣದೇನಲ್ಲ. ಆದರೆ ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವರ ಕೈಗೆ ಗೊತ್ತಿತ್ತು. ಕತ್ತಲಲ್ಲಿ ಕೇಳುವ ಸದ್ದು ಯಾವುದೆಂದು ತಿಳಿದರೆ ಅದು ಎದ್ದು ಹೋಗಬೇಕಾದ ಸದ್ದೋ ಮಗ್ಗುಲಾಗಬಹುದಾದ ಸದ್ದೋ ಎಂಬುದು ಹಾಸಿಗೆಯಲ್ಲೇ ತೀರ್ಮಾನವಾಗುತ್ತದೆ. ಬೇರೆಯವರ ಕೈಯಲ್ಲಿ ಸಿದ್ಧಪಡಿಸಿಕೊಂಡ ದೋಣಿ ಈ ತಿಳಿವಳಿಕೆಯನ್ನು ಕೊಡದು. ಅದಕ್ಕಾಗಿ ಸಾಗರಕ್ಕೆ ಇಳಿಯುವ ಮುಂಚಿನ ಋತುವಿನಲ್ಲಿ, ದಡದಿಂದ ಇನ್ನೂರು ಮುನ್ನೂರು ಮೈಲಿ ಹೊರಗೆ ಒಬ್ಬರೇ ಹೋಗಿ ಒಂದು ವಾರ ಇದ್ದು ಬರುವ ಪದ್ಧತಿ ಬೇಕು. ಆ ವಾರದ ದಿನಚರಿಯಲ್ಲಿ ವೇಗ, ಮೈಲಿಗಳ ಜೊತೆಗೆ ಎಷ್ಟು ಸಲ ಎಚ್ಚರವಾಯಿತು, ಯಾವುದು ಎಬ್ಬಿಸಿತು ಎಂಬುದನ್ನೂ ಬರೆದಿಡಬೇಕು: ಬಡಿಯುವ ಹಗ್ಗ, ಉರುಳುವ ಡಬ್ಬಿ, ತೊಟ್ಟಿಕ್ಕುವ ಕಿಂಡಿ, ಕಾರಣವಿಲ್ಲದೆ ಕೂಗುವ ಅಲಾರಂ. ದಡಕ್ಕೆ ಬಂದ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿ ಅದರಿಂದಲೇ ಶುರುವಾಗಬೇಕು. ಅಂಗಡಿಗೆ ಹೋಗುವುದೇನಿದ್ದರೂ ಅದಾದ ಮೇಲೆ.